ನಾಲ್ಕನೇ ಮೂಲೆ

ಫೋಟೋ ಚೌಕಟ್ಟಿನ ಮೊದಲ ಮೂರು ಮೂಲೆ ಯಾರು ಮಾಡಿದರೂ ಕೂಡುತ್ತವೆ. ಮರ್ಯಾದೆ ತೆಗೆಯುವುದು ನಾಲ್ಕನೆಯದು. ಬೇಕಾದ ಕೋನಕ್ಕೆ ಮರ ಕೊಯ್ಯುವ ವಿದ್ಯುತ್ ಗರಗಸ, ಹೊಸ ಮೈಟರ್ ಸಾ, ಮನೆಗೆ ಬಂದ ಮರುದಿನವೇ ಅಪ್ಪನ ಫೋಟೋಗೆಂದು ಒಂದೂವರೆ ಇಂಚು ಅಗಲದ ಹಲಸಿನ ಪಟ್ಟಿಯಲ್ಲಿ ಚೌಕಟ್ಟು ಕೊಯ್ದೆ. ಯಂತ್ರದ ಮುಳ್ಳು 45ರ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಬ್ಲೇಡು ಹೊಸದು, ಮರ ಎರಡು ಬೇಸಿಗೆ ಅಟ್ಟದಲ್ಲಿ ಒಣಗಿದ್ದು. ಮೂರು ಮೂಲೆ ಜೋಡಿಸಿ ನಾಲ್ಕನೆಯದಕ್ಕೆ ಬಂದರೆ ಒಳಗಡೆ ಮುಟ್ಟಿದ ಮರ ಹೊರಗಡೆ ಬಾಯಿ ಬಿಟ್ಟು ನಿಂತಿದೆ. ಹತ್ತು ರೂಪಾಯಿಯ ನಾಣ್ಯ ತೂರಿಸಿದೆ, ಬೀಳದೆ ನಿಂತಿತು. ಪಕ್ಕದ ಬೀದಿಯ ಆಚಾರ್ರು ಅದನ್ನು ನೋಡಿ, "ಮಷೀನು ಚೆನ್ನಾಗಿದೆ ಮೇಷ್ಟ್ರೇ, ಯಾವುದಕ್ಕೂ ಒಂದು ಡಬ್ಬಿ ಫೆವಿಕಾಲು, ಒಂದು ಮುಷ್ಟಿ ಮರದ ಪುಡಿ ಪಕ್ಕದಲ್ಲಿಟ್ಟುಕೊಳ್ಳಿ" ಅಂದರು.

ಡಬ್ಬದ ಮೇಲಿನ ಬರಹ, ಅಂಗಡಿಯವನ ಮಾತು, ಕೊಂಡವರ ವಿಡಿಯೋ, ಎಲ್ಲ ಕಡೆಯೂ ಈ ಯಂತ್ರಕ್ಕೆ ಸಲ್ಲುವ ಹೊಗಳಿಕೆ ಒಂದೇ: ನಿಖರತೆ. ಎಂಟು ತಿಂಗಳು ಒಡನಾಡಿದ ಮೇಲೆ ನನ್ನ ತಕರಾರು ಆ ಒಂದು ಮಾತಿನ ಮೇಲೆಯೇ ಇದೆ. ಮೈಟರ್ ಸಾಗೆ 45 ಡಿಗ್ರಿ ಎಂದರೇನೆಂದು ಗೊತ್ತಿಲ್ಲ. ಒಮ್ಮೆ ಕೊಯ್ದ ಹಾಗೆಯೇ ಮತ್ತೆ ನೂರು ಸಲ ಕೊಯ್ಯುವುದು ಗೊತ್ತು. ತಪ್ಪು ಹೇಳಿಕೊಟ್ಟರೆ ತಪ್ಪನ್ನೇ ಅಷ್ಟೇ ಶ್ರದ್ಧೆಯಿಂದ ನೂರು ಸಲ ಕೊಯ್ಯುತ್ತದೆ. ತರಗತಿಯಲ್ಲಿ ಇಂಥ ಹುಡುಗರನ್ನು ನಾನು ಕಂಡಿದ್ದೇನೆ.

ಕೊಂಡದ್ದು ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ. ಅಂಗಡಿಯವರ ಮೊದಲ ಪ್ರಶ್ನೆ, "ಅಲ್ಯೂಮಿನಿಯಮ್ಮಿಗಾ ಸಾರ್, ಮರಕ್ಕಾ?" ನಮ್ಮಲ್ಲಿ ಈ ಯಂತ್ರದ ದೊಡ್ಡ ಗಿರಾಕಿಗಳು ಮರಗೆಲಸದವರಲ್ಲ, ಅಲ್ಯೂಮಿನಿಯಂ ಕಿಟಕಿ ಮಾಡುವವರು. ಯಂತ್ರದ ಮೈಕಟ್ಟು ಬಹುಮಟ್ಟಿಗೆ ಒಂದೇ, ಬದಲಾಗುವುದು ಬ್ಲೇಡು. ಅಲ್ಯೂಮಿನಿಯಮ್ಮಿನ ನೂರು, ನೂರಿಪ್ಪತ್ತು ಹಲ್ಲಿನ ಬ್ಲೇಡನ್ನು ಗಟ್ಟಿ ಮರಕ್ಕೆ ಹಚ್ಚಿದರೆ ಕೊಯ್ಯುವುದಕ್ಕಿಂತ ಸುಡುವುದೇ ಹೆಚ್ಚು. ಮರಕ್ಕೆ ಎಂದೆ. ಕೂಡಲೇ ಸ್ಲೈಡ್ ಇರುವ ಮಾದರಿ ಮೇಜಿನ ಮೇಲೆ ಬಂತು.

ಸ್ಲೈಡ್ ಎಂದರೆ ಬ್ಲೇಡು ಮೇಲೆ ಕೆಳಗೆ ಬರುವುದಲ್ಲದೆ ಎರಡು ಸರಳುಗಳ ಮೇಲೆ ಹಿಂದೆ ಮುಂದೆಯೂ ಓಡುತ್ತದೆ. ಸ್ಲೈಡ್ ಇಲ್ಲದ ಹತ್ತಿಂಚಿನ ಯಂತ್ರ ಸುಮಾರು ಐದಿಂಚು ಅಗಲದ ಹಲಗೆ ಕೊಯ್ದರೆ, ಇದು ಹನ್ನೊಂದು ಹನ್ನೆರಡು ಇಂಚನ್ನು ಕೊಯ್ಯುತ್ತದೆ. ಕೇಳಿದರೆ ಯಾರಿಗಾದರೂ ಆಸೆಯಾಗಬೇಕು. ಆದರೆ ಆ ಮಾದರಿಯ ತಲೆಯನ್ನು ಪೂರ್ತಿ ಮುಂದಕ್ಕೆಳೆದು ಹಿಡಿಕೆಯನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಒತ್ತಿ ನೋಡಿದೆ. ಅಲುಗಿತು. ಜಾಸ್ತಿಯೇನಲ್ಲ, ಸಡಿಲವಾದ ಹಲ್ಲು ನಾಲಿಗೆಗೆ ತಾಗುವಷ್ಟು. ದುಬಾರಿ ಯಂತ್ರಗಳಲ್ಲಿ ಈ ಅಲುಗಾಟ ಕಡಿಮೆ. ನನ್ನ ದುಡ್ಡಿಗೆ ಬರುವ ಯಂತ್ರದಲ್ಲಿ ಆ ಸರಳುಗಳು ತಪ್ಪಿಗೆ ತೆರೆದಿಟ್ಟ ಇನ್ನೊಂದು ಬಾಗಿಲು. ಸ್ಲೈಡ್ ಇಲ್ಲದ್ದನ್ನೇ ತೆಗೆದುಕೊಂಡೆ. ಚೌಕಟ್ಟು, ಬೀಡಿಂಗು, ರೀಪು ಇಷ್ಟೇ ಕೆಲಸ ಇರುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಅಗಲದ ಹಲಗೆ ಕೊಯ್ಯಲು ಕೈಗರಗಸ ಇದ್ದೇ ಇದೆ.

ಅಂಗಡಿಯಲ್ಲಿ ಯಾರೂ ಹೇಳದ ಮಾತು ವಿದ್ಯುತ್ತಿನದು. ನನ್ನ ಯಂತ್ರ 1800 ವ್ಯಾಟಿನದು. 230 ವೋಲ್ಟಿನಲ್ಲಿ ಅದು ಸುಮಾರು 8 ಆಂಪಿಯರ್ ಎಳೆಯುತ್ತದೆ, ಗುಂಡಿ ಒತ್ತಿದ ಕ್ಷಣದಲ್ಲಿ ಅದರ ಕೆಲವು ಪಟ್ಟು. ಮನೆಯ ಚಿಕ್ಕ ಸಾಕೆಟ್ಟಿನ ತಾಕತ್ತು 6 ಆಂಪಿಯರ್. ಹಾಗಾಗಿ ಗೀಸರಿಗೋ ಅಕ್ಕಿ ರುಬ್ಬುವ ಗ್ರೈಂಡರಿಗೋ ಹಾಕಿಸಿದ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ನಮ್ಮ ಸಾಗರದ ಮನೆಯಲ್ಲಿ ಅಂಥದ್ದು ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಮೊದಲ ವಾರ ಯಂತ್ರವೂ ಅಲ್ಲೇ ಇತ್ತು. ಆ ವಾರದ ಸಾರಿನ ಬಗ್ಗೆ ಮನೆಯವರು ಇವತ್ತಿಗೂ ಮಾತಾಡುತ್ತಾರೆ.

ಬ್ಲೇಡಿನ ವಿಷಯಕ್ಕೆ ಬಂದರೆ, ಯಂತ್ರದ ಜೊತೆ ಬರುವ ಬ್ಲೇಡು ಹೋಟೆಲಿನವರು ಪುಕ್ಕಟೆ ಕೊಡುವ ಸಾಬೂನಿದ್ದ ಹಾಗೆ: ಕೈ ತೊಳೆಯಬಹುದು, ಸ್ನಾನಕ್ಕೆ ಸಾಲದು. ನನಗೆ ಬಂದದ್ದು 40 ಹಲ್ಲಿನದು. ಪಟ್ಟಿಯ ಕೆಳಮೈಯಲ್ಲಿ ನಾರು ಕಿತ್ತು ಬರುತ್ತಿತ್ತು. 80 ಹಲ್ಲಿನ, ಕಾರ್ಬೈಡ್ ತುದಿಯ ಬ್ಲೇಡು ಹಾಕಿದ ದಿನ ಯಂತ್ರದ ದನಿಯೇ ಬೇರೆಯಾಯಿತು. ಕೊಯ್ದ ಮುಖಕ್ಕೆ ಹತ್ತರಿ ಹೊಡೆದಂಥ ಹೊಳಪು ಬಂತು. ಕೊಳ್ಳುವಾಗ ಎರಡು ವಿಷಯ ನೋಡಬೇಕು. ಒಂದು, ನಡುವಿನ ತೂತಿನ ಅಳತೆ. ನಮ್ಮ ಪೇಟೆಯಲ್ಲಿ 30 ಮಿ.ಮೀ. ಮತ್ತು 25.4 ಮಿ.ಮೀ. ಎರಡೂ ಸಿಗುತ್ತವೆ, ಗೊತ್ತಿಲ್ಲದೆ ತಂದರೆ ವಾಪಸು ಬಸ್ಸು ಹತ್ತಬೇಕು. ಇನ್ನೊಂದು, ಹಲ್ಲಿನ ಬಾಗು. ಮೈಟರ್ ಸಾಗೆ ಹಲ್ಲು ತುಸು ಹಿಂದಕ್ಕೆ ಒರಗಿದ್ದರೆ ಒಳ್ಳೆಯದು. ಮುಂದಕ್ಕೆ ಚಾಚಿದ ಹಲ್ಲು ಮರವನ್ನು ತಾನೇ ಕಚ್ಚಿ ಎಳೆದುಕೊಳ್ಳುತ್ತದೆ, ಹಿಡಿದ ಕೈಯನ್ನೂ ಜೊತೆಗೆ. ನನ್ನ ಯಂತ್ರದ ಮೇಲೆ ನಿಮಿಷಕ್ಕೆ 4800 ಸುತ್ತು ಎಂದು ಬರೆದಿದೆ. ಹತ್ತಿಂಚಿನ ಬ್ಲೇಡಿಗೆ ಲೆಕ್ಕ ಹಾಕಿದರೆ ಹಲ್ಲಿನ ತುದಿ ಗಂಟೆಗೆ 230 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದರ ಎದುರು ನಮ್ಮ ಹಿಡಿತದ ಬಲ ಎಷ್ಟರದ್ದು!

ಬ್ಲೇಡು ಬಿಚ್ಚುವಾಗ ಇನ್ನೊಂದು ಪಾಠವಾಯಿತು. ಪ್ಲಗ್ ಕಿತ್ತು, ಸ್ಪ್ಯಾನರ್ ಹಾಕಿ ಎಲ್ಲ ಬೋಲ್ಟಿನಂತೆ ಎಡಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ಎಣ್ಣೆ ಬಿಟ್ಟೆ, ಸ್ಪ್ಯಾನರಿಗೆ ಪೈಪ್ ತೊಡಿಸಿದೆ. ಆ ಬೋಲ್ಟಿನ ಮರೆ ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಬ್ಲೇಡು ತಿರುಗುವ ರಭಸಕ್ಕೆ ತಾನಾಗಿ ಸಡಿಲಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ಅಷ್ಟು ಹೊತ್ತೂ ನಾನು ಅದನ್ನು ಬಿಗಿ ಮಾಡುತ್ತಿದ್ದೆ.

ಕೈಪಿಡಿಯಲ್ಲಿ ಇದು ಒಂದು ಚಿತ್ರದ ಮೂಲೆಯಲ್ಲಿ ಪುಟ್ಟ ಬಾಣವಾಗಿ ಇದೆ. ಎಚ್ಚರಿಕೆಗಳಿಗೆ ಪುಟಗಟ್ಟಲೆ, ಹೊಂದಾಣಿಕೆಗೆ ಅರ್ಧ ಪುಟ. ಅಸಲಿ ಕೆಲಸವಿರುವುದು ಆ ಅರ್ಧ ಪುಟದಲ್ಲೇ.

ಮರವನ್ನು ಒರಗಿಸಲು ಹಿಂಬದಿಯಲ್ಲಿ ಒಂದು ಗೋಡೆ ಇರುತ್ತದೆ, ಫೆನ್ಸ್. ಅದಕ್ಕೂ ಬ್ಲೇಡಿಗೂ ನಡುವಿನ ಕೋನ ಸರಿಯಿಲ್ಲದಿದ್ದರೆ ಕೆಳಗಿನ ತಟ್ಟೆಯ ಮೇಲೆ ಕೊರೆದ ಡಿಗ್ರಿಗಳೆಲ್ಲ ಬರೀ ಅಲಂಕಾರ. ನಾನು ಮೂಲೆಮಟ್ಟ ಇಟ್ಟು ನೋಡಿದೆ, ಸರಿಯಾಗಿಯೇ ಕಂಡಿತು. ಆಚಾರ್ರು ಬಗ್ಗಿ ನೋಡಿ ನಕ್ಕರು. ಮೂಲೆಮಟ್ಟದ ಅಂಚು ಬ್ಲೇಡಿನ ಹಲ್ಲಿಗೆ ತಾಗಿತ್ತು. ಕಾರ್ಬೈಡ್ ಹಲ್ಲು ತಗಡಿಗಿಂತ ದಪ್ಪ, ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಮಟ್ಟ ತಾಗಬೇಕಾದದ್ದು ಎರಡು ಹಲ್ಲುಗಳ ನಡುವಿನ ಬರೀ ತಗಡಿಗೆ. ಆಮೇಲೆ ಅವರು ಮೂಲೆಮಟ್ಟವನ್ನೇ ಅನುಮಾನಿಸಿದರು. ಪ್ಲೈವುಡ್ಡಿನ ನೇರ ಅಂಚಿಗೆ ಅದನ್ನು ಒತ್ತಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆದರು. ಎರಡು ಗೆರೆ ಒಂದೇ ಆದವು. "ಇದು ಪರವಾಗಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟರು.

ಎಲ್ಲಕ್ಕಿಂತ ನನಗೆ ಹಿಡಿಸಿದ ಪರೀಕ್ಷೆಗೆ ಮೂಲೆಮಟ್ಟವೂ ಬೇಡ. ಎರಡೂ ಅಂಚು ಸಮನಾಗಿರುವ 12 ಸೆಂ.ಮೀ. ಅಗಲದ ಹಲಗೆಯನ್ನು ಸೊನ್ನೆಯ ಗುರುತಿನಲ್ಲಿ ಕೊಯ್ಯುವುದು. ಒಂದು ತುಂಡನ್ನು ಮಗುಚಿ, ಎರಡನ್ನೂ ಫೆನ್ಸಿಗೆ ಒರಗಿಸಿ, ಕೊಯ್ದ ಮುಖಗಳನ್ನು ಮುಟ್ಟಿಸುವುದು. ಸಂದಿಯಿಲ್ಲದಿದ್ದರೆ ಫೆನ್ಸ್ ಸರಿ. ಇದ್ದರೆ ಆ ಸಂದಿ ನಮ್ಮ ತಪ್ಪಿನ ಎರಡರಷ್ಟು, ಮಗುಚಿದಾಗ ತಪ್ಪು ಜೋಡಿಯಾಗುತ್ತದೆ. ನನ್ನದರಲ್ಲಿ ಒಂದು ಮಿ.ಮೀ. ಬಂತು. ಹನ್ನೆರಡು ಸೆಂ.ಮೀ.ಗೆ ಒಂದು ಮಿ.ಮೀ. ಎಂದರೆ ಸುಮಾರು ಅರ್ಧ ಡಿಗ್ರಿ, ಅದರರ್ಧ ಕಾಲು ಡಿಗ್ರಿ. ಯಂತ್ರದ ನಿಜವಾದ ದೋಷ ಅಷ್ಟೇ.

ಕಾಲು ಡಿಗ್ರಿಗೆ ಇಷ್ಟು ರಂಪವೇ ಎಂದರೆ, ಚೌಕಟ್ಟಿಗೆ ನಾಲ್ಕು ಮೂಲೆ, ಮೂಲೆಗೆ ಎರಡು ಕೊಯ್ತ. ಎಂಟು ಕೊಯ್ತಕ್ಕೆ ಎರಡು ಡಿಗ್ರಿ. ಮೂರು ಮೂಲೆ ಬಿಗಿಯಾಗಿ ಕೂಡಿಸಿದವನಿಗೆ ಅಷ್ಟೂ ನಾಲ್ಕನೆಯದರಲ್ಲಿ ಒಟ್ಟಿಗೆ ಸಿಗುತ್ತದೆ. ಹತ್ತು ರೂಪಾಯಿಯ ನಾಣ್ಯ ನಿಂತದ್ದು ಅಲ್ಲಿ.

ಫೆನ್ಸಿನ ನಾಲ್ಕು ಬೋಲ್ಟು ಸಡಿಲಿಸಿ, ಸರಿಸಿ, ಮತ್ತೆ ಬಿಗಿದೆ. ಬಿಗಿಯುವಾಗಲೇ ಅದು ಕೂದಲೆಳೆಯಷ್ಟು ಜರುಗುತ್ತದೆ. ಹೀಗಾಗಿ ಒಂದು ಮಧ್ಯಾಹ್ನ ಪೂರ್ತಿ ಸಡಿಲಿಸು, ಕೊಯ್ಯಿ, ಮಗುಚು, ನೋಡು. ಹನ್ನೊಂದನೇ ಸಲಕ್ಕೆ ಬೆಳಕು ತೂರದಂತೆ ಕೂಡಿತು. ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ್ದು ಆಮೇಲೆ. ಅದು ಕೊನೆಯ ಕೆಲಸವಾಗಬೇಕು. ಮೊದಲ ದಿನ ನಾನು ಅದನ್ನೇ ಮೊದಲು ನೋಡಿ ನಂಬಿದ್ದೆ.

ಆದರೆ ಆಚಾರ್ರು ಹೇಳಿದ ಇನ್ನೊಂದು ಮಾತು ಈ ಮಧ್ಯಾಹ್ನಕ್ಕಿಂತ ದೊಡ್ಡದು. ನನ್ನ ಪಟ್ಟಿ ಚಪ್ಪಟೆಯದಾದ್ದರಿಂದ ಯಂತ್ರವನ್ನು ಒಂದೇ ಬದಿಗೆ ತಿರುಗಿಸಿಟ್ಟು, ಪಟ್ಟಿಯನ್ನು ಮಗುಚಿ ಮಗುಚಿ ಎಂಟೂ ತುದಿ ಕೊಯ್ದಿದ್ದೆ. ಎಂಟರಲ್ಲೂ ತಪ್ಪು ಒಂದೇ ಕಡೆಗೆ ಸೇರಿತು. ಅದರ ಬದಲು ಪಟ್ಟಿಯ ಒಂದು ತುದಿಯನ್ನು ಎಡದ 45ರಲ್ಲಿ, ಇನ್ನೊಂದನ್ನು ಬಲದ 45ರಲ್ಲಿ ಕೊಯ್ದಿದ್ದರೆ? ಫೆನ್ಸ್ ಕಾಲು ಡಿಗ್ರಿ ಓರೆಯಿದ್ದರೆ ಎಡದ್ದು ಕಾಲು ಹೆಚ್ಚು, ಬಲದ್ದು ಕಾಲು ಕಡಿಮೆ. ಮೂಲೆಯಲ್ಲಿ ಕೂಡುವುದು ಒಂದು ಎಡ, ಒಂದು ಬಲ. ಎರಡೂ ಸೇರಿ ತೊಂಬತ್ತೇ. ಕೊಯ್ದ ಮುಖಗಳ ಉದ್ದದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ ಉಳಿಯಬಹುದು, ಉಪ್ಪು ಕಾಗದ ಅದನ್ನು ನುಂಗುತ್ತದೆ. ಮೂರು ಹಲಗೆ ಹೊಡೆದು ಸೀಳು ಬಿಟ್ಟ ತೊಟ್ಟಿಯಂಥ ಪೆಟ್ಟಿಗೆಯಲ್ಲಿ ಕೈಗರಗಸವಿಟ್ಟು ಬೀಡಿಂಗ್ ಕೊಯ್ಯುತ್ತಿದ್ದ ಕಾಲದಿಂದ ಅವರು ಮಾಡುತ್ತಿದ್ದದ್ದು ಇದನ್ನೇ. ಹೂಬಳ್ಳಿ ಕೆತ್ತಿದ ಬೀಡಿಂಗನ್ನು ಮಗುಚಲು ಬರುವುದಿಲ್ಲವಲ್ಲ, ಬೇರೆ ದಾರಿಯೇ ಇರಲಿಲ್ಲ. ಅನಿವಾರ್ಯ ಕಲಿಸಿದ ಜಾಣತನ. ಯಂತ್ರ ತಂದ ನನಗೆ ಆಯ್ಕೆಯಿತ್ತು, ತಪ್ಪನ್ನು ಆರಿಸಿಕೊಂಡೆ.

ತಟ್ಟೆಯ ಕಚ್ಚುಗಳ ಬಗ್ಗೆಯೂ ಒಂದು ಮಾತು. 0, 15, 22.5, 45 ಸರಿ, 22.5 ಎಂಟು ಮೂಲೆಯ ತಟ್ಟೆಗೆ ಬೇಕು. ನಡುವೆ 31.6 ಎಂದೊಂದಿದೆ. ಅಮೆರಿಕದ ಮನೆಗಳಲ್ಲಿ ಗೋಡೆ ಮತ್ತು ಚಾವಣಿ ಕೂಡುವಲ್ಲಿ ಓರೆಯಾಗಿ ಬಡಿಯುವ ಅಲಂಕಾರದ ಪಟ್ಟಿಗೆಂದೇ ಇರುವ ಕಚ್ಚು ಅದು. ಹೆಂಚಿನ ಮಾಡಿನ ಕೆಳಗೆ ಕೂತ ನನಗೆ ಅದರಿಂದ ಏನೂ ಆಗಬೇಕಾದ್ದಿಲ್ಲ, ಆದರೂ ಯಂತ್ರ ತಿರುಗಿಸುವಾಗ ಪ್ರತಿ ಸಲ ಟಕ್ ಎಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಮನೆಗಳ ಗೋಡೆ ತೊಂಬತ್ತಕ್ಕೆ ಇರುವುದು ಅಪರೂಪವಾದ್ದರಿಂದ ನಮಗೆ ಬೇಕಾಗುವುದು 44.5, 45.5. ಆ ಕೋನಕ್ಕಿಟ್ಟರೆ ಪಕ್ಕದ ಕಚ್ಚು ಹಳೇ ಗೆಳೆಯನಂತೆ ತನ್ನತ್ತ ಎಳೆಯುತ್ತದೆ. ಕಚ್ಚನ್ನು ಬಿಡಿಸುವ ಗುಂಡಿಯಿರುವ ಮಾದರಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೆಂಪು ಲೇಸರ್ ಗೆರೆಗೆ ನಾನಂತೂ ಹತ್ತು ರೂಪಾಯಿ ಕೊಡೆ. ಬ್ಲೇಡಿನ ಒಂದು ಬದಿ ತೋರಿಸುತ್ತದೆ, ಇನ್ನೊಂದು ಬದಿಯ ದಪ್ಪ ನಾವೇ ನೆನಪಿಡಬೇಕು.

ಪುಡಿಯ ಚೀಲ ಶುದ್ಧ ಮೋಸ. ಸಂಜೆ ಬಿಚ್ಚಿ ನೋಡಿದರೆ ಚೀಲದಲ್ಲಿ ಒಂದು ಹಿಡಿ, ಜಗುಲಿಯ ಮೇಲೆ ಒಂದು ಮೊರ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮಲ್ಲಿ ಮೂಗಿಗೆ ಕಟ್ಟುವುದು ಹೆಗಲ ಮೇಲಿನ ಟವೆಲ್ಲು, ಅದೂ ನೆನಪಾದರೆ. ಬ್ಲೇಡಿನ ಮುಚ್ಚಳವನ್ನಂತೂ ಕೊಂಡ ದಿನವೇ ಬಿಚ್ಚಿ ಮೂಲೆಗೆಸೆದ ಯಂತ್ರಗಳನ್ನು ಎಷ್ಟೋ ಕೆಲಸದ ಜಾಗದಲ್ಲಿ ನೋಡಿದ್ದೇನೆ. ಅಡ್ಡ ಬರುತ್ತದೆ ಎನ್ನುತ್ತಾರೆ. ಅಡ್ಡ ಬರುವುದೇ ಅದರ ಕೆಲಸ.

ಇಷ್ಟು ದೂರಿದ ಮೇಲೂ ಯಂತ್ರವನ್ನು ಮಾರುವ ಯೋಚನೆ ನನಗಿಲ್ಲ. ಕಾರಣ ಒಂದು ಪುಟ್ಟ ಮರದ ತುಂಡು. ಫೆನ್ಸಿಗೆ ಅದನ್ನು ಕ್ಲ್ಯಾಂಪಿನಿಂದ ಬಿಗಿದು, ಪಟ್ಟಿಯ ತುದಿಯನ್ನು ಅದಕ್ಕೆ ಮುಟ್ಟಿಸಿ ಕೊಯ್ದರೆ ಇಪ್ಪತ್ತು ಪಟ್ಟಿ ಒಂದೇ ಅಳತೆಗೆ ಬರುತ್ತವೆ. ಟೇಪು ಬೇಡ, ಪೆನ್ಸಿಲು ಬೇಡ. ಕೋನ ಎಷ್ಟೇ ಸರಿಯಿದ್ದರೂ ಎದುರುಬದುರು ಪಟ್ಟಿಗಳ ಉದ್ದ ಒಂದೇ ಇಲ್ಲದಿದ್ದರೆ ಚೌಕಟ್ಟು ಕೂಡುವುದಿಲ್ಲ. ಕೈಗರಗಸದಲ್ಲಿ ನನ್ನ ಹಣೆಬರಹಕ್ಕೆ ಎಂದೂ ಒಲಿಯದ ಈ ಒಂದು ಗುಣವನ್ನು ಯಂತ್ರ ಮೊದಲ ದಿನದಿಂದ ಕೊಟ್ಟಿದೆ. ಆಚಾರ್ರೇ ಈಗ ಶಾಲೆಯ ಕಿಟಕಿ ಜಾಲರಿಗೆ ಅರವತ್ತು ರೀಪು ಕೊಯ್ಯಬೇಕಾದಾಗ ಸೈಕಲ್ಲಿನಲ್ಲಿ ಕಟ್ಟಿಕೊಂಡು ನಮ್ಮ ಜಗುಲಿಗೆ ಬರುತ್ತಾರೆ.

ಅಪ್ಪನ ಫೋಟೋಗೆ ಎರಡನೇ ಚೌಕಟ್ಟು ಮಾಡಿದ್ದು ಎಡ ಬಲ ಕೊಯ್ದು. ನಾಲ್ಕನೇ ಮೂಲೆಗೆ ಬೆರಳುಗುರು ಆಡಿಸಿದರೂ ಗೀರು ಸಿಗಲಿಲ್ಲ. ಕಾರ್ತೀಕದಲ್ಲಿ ಗೋಡೆಗೇರಿತು. ಈಗ ಆಷಾಢ, ಮೂರು ವಾರದಿಂದ ಮಳೆ ಬಿಟ್ಟಿಲ್ಲ. ನಿನ್ನೆ ನೋಡಿದರೆ ಹೊರಮೂಲೆಯಲ್ಲಿ ಕೂದಲು ಹಿಡಿಸುವಷ್ಟು ಗೆರೆ ಬಿದ್ದಿದೆ. ಈ ಸಲ ನಾಲ್ಕನೆಯದರಲ್ಲಿ ಮಾತ್ರವಲ್ಲ, ನಾಲ್ಕರಲ್ಲೂ ಒಂದೇ ಅಳತೆಗೆ. ಮರ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದಿಲ್ಲ. 45ಕ್ಕೆ ಕೊಯ್ದದ್ದು ಆಗ 45 ಆಗಿ ಉಳಿಯುವುದಿಲ್ಲ. ಫೋಟೋ ಇಳಿಸಿ ಮತ್ತೆ ಕೊಯ್ಯಲೇ ಎಂದು ಆಚಾರ್ರನ್ನು ಕೇಳಿದೆ. ಅವರು ಕೊಡೆ ಮಡಚಿ, ಕನ್ನಡಕ ಒರೆಸಿಕೊಂಡು, ನಾಲ್ಕೂ ಮೂಲೆ ನೋಡಿದರು.

"ದೀಪಾವಳಿ ಕಳೀಲಿ ಮೇಷ್ಟ್ರೇ. ಅದೇ ಮುಚ್ಕೊಳ್ತದೆ."