ಮೊದಲು ಧೂಳು, ಆಮೇಲೆ ಚಿಪ್

ಗೇಮ್ ನಡುವೆ ಪರದೆ ತಡವರಿಸಿದರೆ ಸಾಕು, ಜಮಖಂಡಿಯ ಹುಡುಗರ ಬಾಯಲ್ಲಿ ಒಂದೇ ಮಾತು: 'ಪ್ರೊಸೆಸರ್ ಹಳೇದಾಗೇತಿ.' ಪಾಪ, ಎಷ್ಟೋ ಸಲ ಅದರ ತಪ್ಪೇ ಇರುವುದಿಲ್ಲ.

ಪರೀಕ್ಷೆಗೆ ಕಾಸು ಬೇಕಿಲ್ಲ. ವಿ-ಸಿಂಕ್ ಆಫ್ ಮಾಡಿ, ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ಆಡಬೇಕು. ಎಫ್‌ಪಿಎಸ್ ಜಿಗಿದರೆ ಸೋತಿರುವುದು ಗ್ರಾಫಿಕ್ಸ್ ಕಾರ್ಡು. ಇದ್ದಲ್ಲೇ ಇದ್ದರೆ ಪ್ರೊಸೆಸರು. ಸೈಬರ್‌ಪಂಕ್ 2077 ಕಾರ್ಡನ್ನು ಹಿಂಡಿದರೆ, ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಹೆಚ್ಚಾಗಿ ಪ್ರೊಸೆಸರಿನ ಮೇಲೆಯೇ ಬೀಳುತ್ತವೆ.

ಅದಕ್ಕೂ ಮೊದಲು ಪೆಟ್ಟಿಗೆಯ ಬಾಗಿಲು ತೆಗೆಯುವುದು ಮೇಲು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಪಕ್ಕದ ಕೋಣೆಯಲ್ಲೇ ಪಿಸಿ ಇದ್ದರೆ ನೂಲಿನ ಎಳೆ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಮುಧೋಳ, ಬೀಳಗಿ ಕಡೆ ಕಬ್ಬಿನ ಟ್ರ್ಯಾಕ್ಟರು ಎಬ್ಬಿಸಿದ ಮಣ್ಣು ಸಾಕು. ಮೇಲೆ 40 ಡಿಗ್ರಿಯ ಬೇಸಿಗೆ. ಚಿಪ್ಪಿನ ಬಿಸಿ 95–100 ಡಿಗ್ರಿ ಮುಟ್ಟಿದರೆ ಅದು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಒಂದು ಬ್ರಷ್, ಒಂದು ಟ್ಯೂಬ್ ಥರ್ಮಲ್ ಪೇಸ್ಟ್: ಕೆಲವರಿಗೆ 'ಅಪ್‌ಗ್ರೇಡ್' ಅಲ್ಲಿಗೇ ಮುಗಿಯುತ್ತದೆ.

ನಿಜಕ್ಕೂ ಚಿಪ್ಪೇ ಸೋತಿದ್ದರೆ? ಬನಹಟ್ಟಿಯ ನೇಕಾರರಿಗೆ ಈ ಲೆಕ್ಕ ಹೊಸದಲ್ಲ. ವಿನ್ಯಾಸ ಮೂಡಿಸುವ ಮೇಲಿನ ಜಾಕಾರ್ಡ್ ಬದಲಿಸಿದರೆ ಸಾಕೋ, ಮಗ್ಗವನ್ನೇ ಬದಲಿಸಬೇಕೋ ಎಂದು ಅವರೂ ತೂಗುತ್ತಾರೆ. ಇಲ್ಲೂ ಪ್ರಶ್ನೆ ಅದೇ: ಚಿಪ್ ಮಾತ್ರವೋ, ಬೋರ್ಡೂ ಸೇರಿಯೋ?

ಎಎಂಡಿಯವರ ಎಎಂ4 ಬೋರ್ಡ್ ಇದ್ದವರು ಅದೃಷ್ಟವಂತರು. 2017ರ ರೈಜನ್ 5 1600 ಕುಳಿತಿದ್ದ ಬಿ350 ಬೋರ್ಡುಗಳಲ್ಲೂ ಹಲವಕ್ಕೆ 2022ರ ರೈಜನ್ 5 5600 ಒಗ್ಗುತ್ತದೆ. 2024ರಲ್ಲಿ ಬಂದ 5700ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಗೇಮಿಗೆ ಅದೇ ಜೀವಾಳ. ಬೋರ್ಡ್ ತಯಾರಕರ ಬೆಂಬಲ ಪಟ್ಟಿ ನೋಡಿ, ಹಳೆಯ ಚಿಪ್ ತೆಗೆಯುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಅದೂ ಯುಪಿಎಸ್ ಇಟ್ಟುಕೊಂಡೇ. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತೀತು; ನಮ್ಮ ಊರುಗಳಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ.

ಇಂಟೆಲ್ 7ನೇ ಪೀಳಿಗೆಯವರ ಪಾಡು ಬೇರೆ. ಅದೇ 2017ರ ಅಕ್ಟೋಬರಿನಲ್ಲಿ ಬಂದ 8ನೇ ಪೀಳಿಗೆಗೂ 1151 ಪಿನ್ನಿನ ಸಾಕೆಟ್ಟೇ, ಆದರೂ ಹಳೆಯ ಬೋರ್ಡಿನಲ್ಲಿ ನಡೆಯದು. ಐ5-7400 ತೆಗೆದು ಐ7-7700 ಹಾಕಿದರೂ ಕೋರ್ ನಾಲ್ಕೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಎರಡೂ ಚಿಪ್ಪುಗಳಿಲ್ಲ. ಇವಕ್ಕೆ ಹಣ ಸುರಿಯುವುದು ದಂಡ.

ಹಾಗೆಂದು ನೇರ ಎಎಂಡಿಯ ಹೊಸ ಎಎಂ5 ಬೋರ್ಡಿಗೆ ಹಾರಬೇಕಿಲ್ಲ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, 2025ರ ಕೊನೆಯಿಂದ ರ‍್ಯಾಮ್ ದರ ಕೈ ಸುಡುತ್ತಿದೆ. ಮನೆಯಲ್ಲಿ ಒಳ್ಳೆಯ ಡಿಡಿಆರ್4 ಇದ್ದರೆ ಅದನ್ನು ಉಳಿಸಿಕೊಂಡು, ಡಿಡಿಆರ್4 ಹಿಡಿಸುವ ಎಚ್610 ಅಥವಾ ಬಿ660 ಬೋರ್ಡಿಗೆ ಆರು ಕೋರಿನ ಐ5-12400ಎಫ್ ಕೂರಿಸುವುದೇ ಸದ್ಯಕ್ಕೆ ಜಾಣತನದ ಖರೀದಿ.