ತೆರೆದಿರೋ ಎಡಿಟರ್‌ಗೇ ಫೈಲ್ ಕಳಿಸಿ: ಶಾಸನಪಾಠದ ಕೆಲಸಕ್ಕೆ ಎರಡು ಉಪಕರಣಗಳು

ಎಲೆಕ್ಟ್ರಾನಿಕ್ ಸಿಟಿಯಿಂದ ಬೇಗೂರಿಗೆ ಹೆಚ್ಚು ದೂರವಿಲ್ಲ. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಬೆಂಗಳೂರಿನ ಹೆಸರಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ನಮ್ಮ ಓದುಗರಿಗೆ ಗೊತ್ತೇ ಇದೆ. ಇಂಥ ಕಲ್ಲುಗಳನ್ನು ನೋಡಿ ಬಂದು, ರಾತ್ರಿ ಕೂತು ಪಾಠ ಟೈಪ್ ಮಾಡೋ ಐಟಿ ಗೆಳೆಯರಿಗಾಗಿ ಈ ಟಿಪ್ಪಣಿ.

ನಾನೇ ಮಾಡಿದ ಎಡವಟ್ಟು ಮೊದಲು ಹೇಳ್ತೀನಿ. ಒಂದು ಪಾಠದಲ್ಲಿ ‘ರ’ ಇದ್ದದ್ದನ್ನು ಛಾಯಾಚಿತ್ರ ನೋಡಿ ‘ಱ’ ಅಂತ ತಿದ್ದಿ ಉಳಿಸಿದೆ. ಅದೇ ಫೈಲ್ ಇನ್ನೊಂದು ವಿಂಡೋದಲ್ಲಿ ಹಳೇ ರೂಪದಲ್ಲೇ ತೆರೆದಿತ್ತು. ಎಚ್ಚರಿಕೆ ಬಂದರೂ ಓದದೆ ಅದನ್ನೂ ಉಳಿಸಿಬಿಟ್ಟೆ. ತಿದ್ದುಪಡಿ ಹೋಯ್ತು. ಗೊತ್ತಾಗಿದ್ದು ವಾರದ ನಂತರ.

ಪರಿಹಾರ ಹೊಸದೇನಲ್ಲ. ಇಮ್ಯಾಕ್ಸ್ ಒಳಗೆ ಸರ್ವರ್ ಶುರುಮಾಡಿಟ್ಟರೆ, ಟರ್ಮಿನಲ್‌ನಿಂದ ‘ಇಮ್ಯಾಕ್ಸ್‌ಕ್ಲೈಂಟ್’ ಕೊಟ್ಟ ಫೈಲ್ ಈಗಾಗಲೇ ಓಡ್ತಿರೋ ಎಡಿಟರ್‌ನಲ್ಲೇ ತೆರೆಯುತ್ತೆ. ಫೈಲ್ ಅಲ್ಲಿ ಮೊದಲೇ ತೆರೆದಿದ್ದರೆ ಅದೇ ಪ್ರತಿ ಮುಂದೆ ಬರುತ್ತೆ, ಎರಡನೇ ಪ್ರತಿ ಹುಟ್ಟೋದಿಲ್ಲ. ಫೈಲ್ ಹೆಸರಿನ ಮುಂಚೆ ಪ್ಲಸ್ ಚಿಹ್ನೆ ಹಾಕಿ 12 ಅಂದರೆ ನೇರ 12ನೇ ಸಾಲು.

ಶಾಸನದವರಿಗೆ ಇದರಲ್ಲೊಂದು ವಿಶೇಷ ಲಾಭವಿದೆ. ಕಲ್ಲಿನ ಒಂದು ಸಾಲಿಗೆ ಫೈಲಿನಲ್ಲೂ ಒಂದೇ ಸಾಲು, ಸ್ಥಳ-ಕಾಲದ ವಿವರವೆಲ್ಲ ಕೊನೆಯಲ್ಲಿ ಅಂತ ಶಿಸ್ತು ಇಟ್ಟುಕೊಂಡರೆ, ಎಡಿಟರ್‌ನ 12ನೇ ಸಾಲೇ ಕಲ್ಲಿನ 12ನೇ ಸಾಲು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟದ (1905) ಪಾಠಗಳನ್ನು ಹೀಗೆ ಟೈಪ್ ಮಾಡಿಟ್ಟರೆ, ‘ಗ್ರೆಪ್’ ಹುಡುಕಿಕೊಡುವ ಸಾಲುಸಂಖ್ಯೆಯೇ ಉಲ್ಲೇಖವಾಗುತ್ತೆ.

ವಿಮ್‌ನಲ್ಲೂ ‘ರಿಮೋಟ್’ ಆಯ್ಕೆ ಇದೆ. ಆದರೆ ಅದಕ್ಕೆ ಬೇಕಾದ ಕ್ಲೈಂಟ್‌ಸರ್ವರ್ ಸೌಲಭ್ಯ ಎಲ್ಲ ಲಿನಕ್ಸ್ ಪ್ಯಾಕೇಜ್‌ಗಳಲ್ಲೂ ಇರಲ್ಲ. ನನ್ನ ದೊಡ್ಡ ತಕರಾರು ‘ರಿಮೋಟ್-ಸೆಂಡ್’ ಬಗ್ಗೆ. ಅದು ಕಳಿಸೋದು ಬರೀ ಕೀಲಿಗಳನ್ನ. ಎಡಿಟರ್ ಆಗ ಇನ್ಸರ್ಟ್ ಮೋಡ್‌ನಲ್ಲಿದ್ದರೆ ನಿಮ್ಮ ಆದೇಶವೇ ಗಂಗರ ಕಾಲದ ಪಾಠದೊಳಗೆ ಅಕ್ಷರವಾಗಿ ಕೂತುಬಿಡುತ್ತೆ! ಮೊದಲು ನಾರ್ಮಲ್ ಮೋಡ್‌ಗೆ ಒಯ್ಯುವ ಕೀಲಿಗಳನ್ನು ಸೇರಿಸಲೇಬೇಕು. ಕನ್ನಡದ ಒತ್ತಕ್ಷರ ತೋರಿಸೋದರಲ್ಲೂ, ಹಾರ್ಫ್‌ಬಜ್ ಬಳಸುವ ಇಮ್ಯಾಕ್ಸ್ 27 ಮತ್ತು ನಂತರದ ಆವೃತ್ತಿಗಳು ನನ್ನ ಅನುಭವದಲ್ಲಿ ಮೇಲು.

ಹಾಗಾಗಿ ನನ್ನ ಮತ ಇಮ್ಯಾಕ್ಸ್‌ಕ್ಲೈಂಟ್‌ಗೆ. ಕಲ್ಲು ಕೆತ್ತಿದವನು ಒಂದೇ ಪ್ರತಿ ಬಿಟ್ಟುಹೋದ. ಅದರ ಓದಿಗೆ ನಾವು ನಮಗೇ ಗೊತ್ತಿಲ್ಲದೆ ಎರಡು ಪ್ರತಿ ಮಾಡಿ, ತಪ್ಪಿರುವುದನ್ನು ಉಳಿಸಿಕೊಳ್ಳೋದು ಬೇಡ.