ಒಂದೇ ಅಕ್ಷರ, ಹಲವು ಮನೆತನ

ವೈದ್ಯಕೀಯ ಪ್ರಬಂಧಗಳು ತಮ್ಮ ಗುಟ್ಟನ್ನು ಕೋಷ್ಟಕಗಳ ನಡುವೆ ಬಚ್ಚಿಡುವುದೇ ಹೆಚ್ಚು. 2022ರಲ್ಲಿ ‘ನ್ಯೂರೋಜೆನೆಟಿಕ್ಸ್’ ಪತ್ರಿಕೆಯಲ್ಲಿ ಬಂದ ನಿಮ್ಹಾನ್ಸ್ ತಂಡದ ಪ್ರಬಂಧ ಅದನ್ನು ಶೀರ್ಷಿಕೆಯಲ್ಲೇ ಬಿಟ್ಟುಕೊಟ್ಟಿದೆ. ಇದು ಭಾರತದ ಸಾರ್ಕೋಗ್ಲೈಕನೋಪತಿ ಎಂಬ ಸ್ನಾಯುಕ್ಷಯದ ರೋಗಿಗಳ ದೊಡ್ಡ ಗುಂಪೊಂದರ ಅಧ್ಯಯನ ಎಂದಷ್ಟೇ ಹೇಳಿ ಸುಮ್ಮನಾಗದೆ, ಎಸ್‌ಜಿಸಿಬಿ ಎಂಬ ಜೀನಿನ 544ನೇ ಜಾಗದಲ್ಲಿ ‘ಎ’ ಹೋಗಿ ‘ಸಿ’ ಬಂದ ದೋಷ ಬಹಳ ಹೆಚ್ಚಾಗಿದೆ ಎಂದೂ ಅಲ್ಲೇ ಸೇರಿಸಿದೆ. ಮೈನಾಕ್ ಬರ್ಧನ್ ಮೊದಲ ಲೇಖಕರು. ಬೆನ್ನಿಗಿರುವವರು ನರಸ್ನಾಯು ರೋಗಗಳನ್ನೇ ವರ್ಷಾನುಗಟ್ಟಲೆ ಹಿಡಿದು ಕೂತ ಡಾ. ಎ. ನಳಿನಿ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಂದಿಗೂ ಯಾರ ಹುಬ್ಬನ್ನೂ ಏರಿಸದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಬೇಕಾದ ಪ್ರಬಂಧ ಇದು. ಆದರೆ ಆ ಸೀಮೆಯ ಭಾಷೆಯಲ್ಲಿ ಅದನ್ನು ಹೇಳುವ ಕೆಲಸ ಆಗಿಲ್ಲ. ನನ್ನ ತಕರಾರು ಅಲ್ಲಿಂದ ಶುರು. ಮೊದಲು ಮೆಚ್ಚುಗೆಯ ಮಾತು ಮುಗಿಸುತ್ತೇನೆ.

ಸ್ನಾಯುಕ್ಷಯ, ಅಂದರೆ ಮಸ್ಕ್ಯುಲರ್ ಡಿಸ್ಟ್ರೋಫಿ, ಒಂದು ಕಾಯಿಲೆಯಲ್ಲ, ಕಾಯಿಲೆಗಳ ಒಂದು ಗುಂಪು. ಹೊರಗಿನಿಂದ ನೋಡಿದರೆ ಹಲವು ಒಂದೇ ಥರ ಕಾಣುತ್ತವೆ. ನೆಲದ ಮೇಲೆ ಕೂತ ಹುಡುಗ ಏಳಬೇಕು. ಮೊದಲು ಮಗ್ಗುಲಾಗಿ ಹೊರಳಿ ಅಂಗೈ ಊರುತ್ತಾನೆ, ಸೊಂಟ ಎತ್ತುತ್ತಾನೆ, ಆಮೇಲೆ ಒಂದೊಂದೇ ಕೈಯನ್ನು ಮೊಣಕಾಲಿಗೆ, ತೊಡೆಗೆ ಇಟ್ಟುಕೊಂಡು ತನ್ನ ಮೈಯನ್ನು ತಾನೇ ಹತ್ತಿದಂತೆ ನಿಲ್ಲುತ್ತಾನೆ. 1879ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಗವರ್ಸ್ ಹೆಸರಿನಲ್ಲೇ ವೈದ್ಯರು ಇದನ್ನು ಇಂದಿಗೂ ಕರೆಯುತ್ತಾರೆ. ಮೀನಖಂಡ ಗಟ್ಟಿಯಾಗಿ ಉಬ್ಬಿರುವುದನ್ನು ಕಂಡು ಅಜ್ಜಿಯಂದಿರು “ಹುಡುಗ ಗಟ್ಟಿ ಅದಾನ” ಎಂದು ಖುಷಿಪಡುವುದೂ ಉಂಟು. ಅಲ್ಲಿ ತುಂಬಿಕೊಳ್ಳುತ್ತಿರುವುದು ಬಹುಪಾಲು ಕೊಬ್ಬು ಮತ್ತು ನಾರು.

ಒಳಗಿನ ಕಥೆ ಬಿಚ್ಚಿಕೊಂಡದ್ದು 1986-87ರಲ್ಲಿ. ಬಾಸ್ಟನ್ನಿನ ಲೂಯಿ ಕುಂಕೆಲ್ ತಂಡ ಡುಶೆನ್ ಸ್ನಾಯುಕ್ಷಯದ ಜೀನನ್ನು ಎಕ್ಸ್ ವರ್ಣತಂತುವಿನ ಮೇಲೆ ಹಿಡಿಯಿತು. ಎರಿಕ್ ಹಾಫ್‌ಮನ್ ಅದರ ಪ್ರೋಟೀನನ್ನು ಗುರುತಿಸಿದರು, ಅದಕ್ಕೆ ಡಿಸ್ಟ್ರೋಫಿನ್ ಎಂದು ಹೆಸರಾಯಿತು. ಸುಮಾರು 22 ಲಕ್ಷ ಅಕ್ಷರಗಳ, 79 ಎಕ್ಸಾನ್‌ಗಳ (ಪ್ರೋಟೀನಿನ ಸೂಚನೆ ಹೊತ್ತ ತುಂಡುಗಳ) ದೈತ್ಯ ಜೀನು ಅದು. ಇಷ್ಟು ಉದ್ದ ಇರುವುದರಿಂದಲೇ ಅಲ್ಲಲ್ಲಿ ತುಂಡು ಬೀಳುವುದೂ ಜಾಸ್ತಿ. ಮುಂದೆ ಕೆವಿನ್ ಕ್ಯಾಂಪ್‌ಬೆಲ್ ಮತ್ತಿತರರು ಡಿಸ್ಟ್ರೋಫಿನ್ ಒಂಟಿಯಲ್ಲ, ಜೀವಕೋಶದ ಪೊರೆಯಲ್ಲಿ ಒಂದು ಪ್ರೋಟೀನ್ ಸಂಸಾರವೇ ಅದಕ್ಕೆ ಅಂಟಿಕೊಂಡಿದೆ ಎಂದು ತೋರಿಸಿದರು. ಇಳಕಲ್ ಸೀರೆ ನೇಯುವವರು ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯಿಂದೆಳೆಗೆ ಕುಣಿಕೆ ಹಾಕಿ ಸೇರಿಸುತ್ತಾರಲ್ಲ, ಈ ಸಂಸಾರ ಮಾಡುವುದು ಅದನ್ನೇ: ಸ್ನಾಯುನಾರಿನ ಒಳಗಿನ ಹಂದರವನ್ನು ಪೊರೆ ದಾಟಿಸಿ ಹೊರಗಿನ ಹಂದರಕ್ಕೆ ಕಟ್ಟುತ್ತದೆ. ಕಟ್ಟು ಸಡಿಲವಾದರೆ ಸ್ನಾಯು ಮಿಡಿದಾಗಲೆಲ್ಲ ಪೊರೆ ಹರಿಯುತ್ತದೆ. ಹರಿದಲ್ಲಿ ಕ್ಯಾಲ್ಸಿಯಂ ನುಗ್ಗುತ್ತದೆ, ಸಿಕೆ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ತಾಲ್ಲೂಕಿನ ಲ್ಯಾಬಿನಲ್ಲೂ ಸಿಕೆ ಪ್ರಮಾಣ ಸಾವಿರಗಟ್ಟಲೆ ಬರುವುದು ಹೀಗೆ.

ಆ ಸಂಸಾರದ ನಾಲ್ವರು ಸದಸ್ಯರೇ ಸಾರ್ಕೋಗ್ಲೈಕನ್‌ಗಳು: ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಒಬ್ಬರು ಕೆಟ್ಟರೆ ಉಳಿದ ಮೂವರೂ ಪೊರೆಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ನಿಮ್ಹಾನ್ಸ್ ಪ್ರಬಂಧದ ಎಸ್‌ಜಿಸಿಬಿ ಬೀಟಾದ ಜೀನು. ಬರೀ ಆರು ಎಕ್ಸಾನ್, 318 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ‘ಎ’ ‘ಸಿ’ ಆದಾಗ 182ನೇ ಜಾಗದ ಥ್ರಿಯೋನಿನ್ ಹೋಗಿ ಪ್ರೋಲಿನ್ ಬರುತ್ತದೆ. ಸರಪಳಿಯನ್ನು ಸಲ್ಲದ ಕಡೆ ಬಗ್ಗಿಸುವುದರಲ್ಲಿ ಪ್ರೋಲಿನ್‌ಗೆ ಹೆಸರಿದೆ. ಸ್ನಾಯುವಿನ ಚೂರು ತೆಗೆದು, ತೆಳು ಹೋಳು ಮಾಡಿ ಬಣ್ಣ ಹಚ್ಚಿದಾಗ, ಆರೋಗ್ಯವಂತರಲ್ಲಿ ಪ್ರತಿ ನಾರಿನ ಸುತ್ತ ಸಣ್ಣ ಕಂದು ಗೆರೆ ಮೂಡುತ್ತದೆ. ಈ ಮಕ್ಕಳಲ್ಲಿ ಗೆರೆ ಮಾಸಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅಂಥ ಸ್ಲೈಡುಗಳನ್ನು ಡಾ. ಎನ್. ಗಾಯತ್ರಿ ಅವರಂಥ ರೋಗಶಾಸ್ತ್ರಜ್ಞರು ನಿಮ್ಹಾನ್ಸ್‌ನಲ್ಲಿ ವರ್ಷಗಟ್ಟಲೆ ನೋಡಿದ ಮೇಲೆ ಜೀನಿನ ಈ ಮಾತು ಬಂದಿದೆ. ಯಂತ್ರಕ್ಕೆ ರಕ್ತ ಸುರಿದು ಬಂದ ಫಲಿತಾಂಶವನ್ನಷ್ಟೇ ಅಚ್ಚು ಹಾಕಿದ ಕೆಲಸವಲ್ಲ ಇದು.

ಈ ಸಂಶೋಧನೆಯ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ, ಔಷಧ ಎಂದು ನಾನು ಹೇಳುವುದಿಲ್ಲ. ಅದು ಬೈಗುಳವನ್ನು ಸರಿಯಾದ ಕಡೆಗೆ ತಿರುಗಿಸಿತು, ಕೆಲವೆಡೆ ಇಲ್ಲವಾಗಿಸಿತು. ಡುಶೆನ್ ಕಾಯಿಲೆ ಎಕ್ಸ್ ವರ್ಣತಂತುವಿನದು: ಬಳಲುವವರು ಹೆಚ್ಚುಕಡಿಮೆ ಎಲ್ಲ ಗಂಡುಮಕ್ಕಳು, ವಾಹಕಳು ತಾಯಿ, ಅದರಲ್ಲೂ ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ತಾಯಿಯೂ ವಾಹಕಳಲ್ಲ, ದೋಷ ಹೊಸದಾಗಿ ಹುಟ್ಟಿದ್ದು. ಮನೆತನದೊಳಗೆ ಮದುವೆಯಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾರ್ಕೋಗ್ಲೈಕನ್ ದೋಷ ಹಾಗಲ್ಲ. ಅಪ್ಪ, ಅವ್ವ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬೇಕು. ಹುಡುಗಿಯೂ ಹುಡುಗನಷ್ಟೇ ಬಳಲುತ್ತಾಳೆ. ಸೋದರಮಾವ–ಸೊಸೆ ಮದುವೆಯಲ್ಲಿ ಅಪಾಯ ಏರುವುದು ಇಲ್ಲಿ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ “ನಿಮ್ಮ ನಿಮ್ಮೊಳಗ ಮಾಡ್ಕೊಂಡಿದ್ದಕ್ಕ ಹಿಂಗಾತು” ಎಂದು ಡುಶೆನ್ ಹುಡುಗನ ತಂದೆ-ತಾಯಿಗೆ ಹೇಳುವ ವೈದ್ಯರು ಈಗಲೂ ಇದ್ದಾರೆ. ಅವರು ಬೈಯುವುದು ತಪ್ಪು ಮನೆಯನ್ನು.

ಸಂಬಂಧದೊಳಗಿನ ಮದುವೆ ಕರ್ನಾಟಕದಲ್ಲಿ ಸಣ್ಣ ಸಂಗತಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಎ. ಎಚ್. ಬಿಟಲ್ಸ್ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಮೂರರಲ್ಲೊಂದು ಮದುವೆಯ ಆಸುಪಾಸು ರಕ್ತಸಂಬಂಧದೊಳಗಿನದೇ ಆಗಿತ್ತು.

ಈಗ ತಕರಾರು. ಆಸ್ಪತ್ರೆಗೆ ಬಂದವರ ಲೆಕ್ಕ ಊರಿನ ಲೆಕ್ಕವಲ್ಲ. ಬೀಳಗಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ನಿಮ್ಹಾನ್ಸ್ ಮುಟ್ಟುವುದು ದುಡ್ಡು, ರಜೆ, ಧೈರ್ಯ ಮೂರೂ ಇದ್ದವರಿಗೆ ಮಾತ್ರ. ಹೆಣ್ಣುಮಗುವನ್ನು ಅಷ್ಟು ದೂರ ಒಯ್ಯುವವರು ಇನ್ನೂ ಕಡಿಮೆ. ಹೀಗಿರುವಾಗ ಒಂದೇ ಅಕ್ಷರದ ದೋಷ ಪದೇಪದೇ ಸಿಕ್ಕಿದೆಯೆಂದರೆ ಅದರ ಹಿಂದೆ ಹಳೆಯ ಒಬ್ಬ ಪೂರ್ವಜ ಇರುವ ಶಂಕೆ ಬಲವಾಗುತ್ತದೆ; ಆ ಶಂಕೆಯ ಬೆನ್ನು ಹತ್ತಬೇಕಾದದ್ದು ವಾರ್ಡಿನಲ್ಲಲ್ಲ, ಹಳ್ಳಿಯಲ್ಲಿ. 1995ರಲ್ಲಿ ಬೀಟಾ ಸಾರ್ಕೋಗ್ಲೈಕನ್ ಜೀನು ಸಿಕ್ಕಾಗಲೂ ನೆರವಾದದ್ದು ಅಮೆರಿಕದ ದಕ್ಷಿಣ ಇಂಡಿಯಾನಾದ ಅಮಿಶ್ ಕುಟುಂಬಗಳು, ತಮ್ಮೊಳಗೇ ಮದುವೆಯಾಗುವ ಸಮುದಾಯ.

ನಮ್ಮಲ್ಲಿ ವಂಶಾವಳಿಗೆ ಬರವಿಲ್ಲ ಎಂಬುದು ಇನ್ನೊಂದು ವಿಷಯ. ಮುಧೋಳ ನಾಯಿಯ ತಳಿ ಕಾಯಲು ತಿಮ್ಮಾಪುರದಲ್ಲಿ ಕೇಂದ್ರವೇ ಇದೆ. ಮನುಷ್ಯರ ತಳಿಪಟ್ಟಿ ಹೆಳವರ ಹತ್ತಿರ ಇದೆ! ಎತ್ತು-ಗಾಡಿ ಕಟ್ಟಿಕೊಂಡು ಮನೆಮನೆಗೆ ಬಂದು ತಲೆತಲಾಂತರದ ಹೆಸರು ಓದುವ ಇವರ ಪುಸ್ತಕಗಳನ್ನು ಯಾವ ತಳಿವಿಜ್ಞಾನಿಯಾದರೂ ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಅಲ್ಲಿ ಸಾಗುವುದು ಮುಖ್ಯವಾಗಿ ಗಂಡುಮಕ್ಕಳ ಸಾಲು. ಡುಶೆನ್ ದೋಷವೋ ತಾಯಿಯ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಹೆಳವರ ಪುಸ್ತಕಕ್ಕೆ ಊರಿನ ಮುದುಕಿಯರ ನೆನಪನ್ನು ಸೇರಿಸಿ ಬರೆದರೆ ಮಾತ್ರ ಚಿತ್ರ ಪೂರ್ತಿಯಾದೀತು. ಈ ಕೆಲಸಕ್ಕೆ ಸೀಕ್ವೆನ್ಸಿಂಗ್ ಯಂತ್ರ ಬೇಡ, ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ನಾಲ್ಕು ಮಂದಿ ತಾಳ್ಮೆಯ ವಿದ್ಯಾರ್ಥಿಗಳು ಸಾಕು.

ನಿಮ್ಹಾನ್ಸ್‌ನಲ್ಲೇ ಎಂ. ಎಂ. ಶ್ರೀನಿವಾಸ ಭರತ್ ಅವರ ಗುಂಪು, ಪೊರೆ ಹರಿದ ಸ್ನಾಯುವಿನೊಳಗೆ ಆಕ್ಸಿಡೇಟಿವ್ ಹಾನಿ, ಗ್ಲುಟಾಥಯೋನ್ ಏರುಪೇರು, ಮೈಟೋಕಾಂಡ್ರಿಯಾದ ಸೋಲುಗಳನ್ನು ಅಳೆದಿದೆ. ಹಾನಿ ಹೆಚ್ಚಿದ್ದಲ್ಲಿ ಕಾಯಿಲೆಯೂ ತೀವ್ರ ಎಂಬ ಅವರ 2012ರ ಫಲಿತಾಂಶ ಗಟ್ಟಿಯಾದದ್ದೇ. ಆದರೆ ಒಮ್ಮೆ ತೆಗೆದ ಚೂರಿನಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಆ ಫಲಿತಾಂಶವನ್ನೇ ನೆಪ ಮಾಡಿ ಆಂಟಿಆಕ್ಸಿಡೆಂಟ್ ಮಾತ್ರೆ ಮಾರುವವರಿಗೆ ಈ ಎಚ್ಚರ ಬೇಕಿಲ್ಲ.

ಔಷಧದ ಸುದ್ದಿಯೂ ಸದ್ಯಕ್ಕೆ ಸಮಾಧಾನದ್ದಲ್ಲ. ಡುಶೆನ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಟೆಪ್ಲಿರ್ಸೆನ್ 51ನೇ ಎಕ್ಸಾನ್ ಹಾರಿಸುವ ಉಪಾಯ; ನೂರರಲ್ಲಿ ಹದಿಮೂರು ಹುಡುಗರಿಗಷ್ಟೇ ಹೊಂದುತ್ತದೆ. ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ ಎಲೆವಿಡಿಸ್‌ಗೆ 2023ರಲ್ಲಿ 32 ಲಕ್ಷ ಡಾಲರ್ ಬೆಲೆ ಕಟ್ಟಿದರು. ಬೀಟಾ ಸಾರ್ಕೋಗ್ಲೈಕನ್‌ಗೂ ಎಲೆವಿಡಿಸ್ ತಯಾರಿಸುವ ಸರೆಪ್ಟಾ ಕಂಪನಿಯೇ ಪ್ರಯೋಗ ನಡೆಸುತ್ತಿತ್ತು. 2025ರಲ್ಲಿ ಕಂಪನಿಯ ಜೀನ್ ಚಿಕಿತ್ಸೆ ಪಡೆದ ಮೂವರು ಯಕೃತ್ತು ಕೆಟ್ಟು ತೀರಿಕೊಂಡ ಮೇಲೆ ಇಂಥ ಪ್ರಯೋಗಗಳಿಗೆ ತಡೆ ಬಿತ್ತು. ಭಾರತದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿ.

ಆದ್ದರಿಂದ ಈ ಪ್ರಬಂಧದ ನಿಜವಾದ ಬೆಲೆ ವಾಹಕ ಪರೀಕ್ಷೆಯಲ್ಲಿದೆ. ಇಡೀ ಜೀನು ಓದುವ ಖರ್ಚು ಬೇಡ, ಒಂದೇ ಜಾಗದ ಅಕ್ಷರ ನೋಡಿದರೆ ಸಾಕು. ಅಗರವಾಲ ಸಮುದಾಯದಲ್ಲಿ ಸ್ನಾಯುಕ್ಷಯ ತರುವ ಕ್ಯಾಲ್ಪೈನ್ ಜೀನಿನ ದೋಷಗಳ ವಿಷಯದಲ್ಲಿ ಮುಂಬೈಯ ಸತೀಶ್ ಖಾಡಿಲ್ಕರ್ ಮತ್ತಿತರರು ಇಂಥ ಪರೀಕ್ಷೆಯ ಉಪಯೋಗವನ್ನು 2016ರಲ್ಲೇ ಬರೆದರು. ನಿಮ್ಹಾನ್ಸ್ ಪ್ರಬಂಧ ಆ ಹೆಜ್ಜೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದೆ ಎನ್ನುವುದು ನನ್ನ ಆಕ್ಷೇಪ. ಪರೀಕ್ಷೆ ಬಂದರೆ ತೊಡಕೂ ಬರುತ್ತದೆ. ವಾಹಕಿ ಎಂದು ಗೊತ್ತಾದ ಹುಡುಗಿಗೆ ಯಾವ ತೊಂದರೆಯೂ ಇರುವುದಿಲ್ಲ, ಆದರೆ ಬೀಗರಿಗೆ ಸುದ್ದಿ ಮುಟ್ಟಿದರೆ ಸಂಬಂಧ ಮುರಿಯುತ್ತದೆ. ಹುಡುಗ ವಾಹಕನಾದರೆ ಯಾರೂ ಕೇಳುವುದಿಲ್ಲ. ವರದಿಯನ್ನು ಯಾರ ಕೈಗೆ ಕೊಡಬೇಕು, ಮದುವೆ ಮಾತು ಶುರುವಾಗುವ ಮೊದಲೋ ಆಮೇಲೋ, ಸಾಲಿಯಲ್ಲೋ ಆಸ್ಪತ್ರೆಯಲ್ಲೋ, ಇಬ್ಬರಿಗೂ ಒಟ್ಟಿಗೆ ಪರೀಕ್ಷೆ ಮಾಡುವುದೋ ಬೇಡವೋ: ಇವು ಅಣುವಿಜ್ಞಾನದ ಪ್ರಶ್ನೆಗಳಲ್ಲ ಎಂದು ತಂಡ ಹೇಳಬಹುದು. ಆದರೆ ಆ 544ನೇ ಅಕ್ಷರವನ್ನು ಹುಡುಕಿದವರಿಗಿಂತ ಚೆನ್ನಾಗಿ ಇದನ್ನು ಕೇಳಬಲ್ಲವರು ಬೇರೆ ಯಾರೂ ಇಲ್ಲ.